ಎಂಬತ್ತು–ಎಂಬತ್ತೆರಡರ ನಡುವಿನ ಎರಡು ರೂಪಾಯಿ

ಜಯನಗರ 4ನೇ ಬ್ಲಾಕಿನಲ್ಲಿ ಕೂತು ಜನರ ಆದಾಯ ತೆರಿಗೆ ರಿಟರ್ನ್ಸ್ ತುಂಬಿಕೊಡುವುದು ನನ್ನ ಕಸುಬು. ಬೆಟ್ಟಿಂಗಿನ ಭಾಷೆಯನ್ನು ಬೇಕೆಂದು ಕಲಿತವನಲ್ಲ, ಬ್ಯಾಂಕ್ ಸ್ಟೇಟ್‌ಮೆಂಟುಗಳು ಕಲಿಸಿದವು. ಬನಶಂಕರಿಯ ನಿವೃತ್ತ ಮೇಷ್ಟ್ರ ಕಾಗದಗಳಲ್ಲಿ ರೇಸ್‌ಕೋರ್ಸಿನ ಟಿಡಿಎಸ್, ಬಿಟಿಎಂ ಲೇಔಟಿನ ಪಿಜಿ ಹುಡುಗರ ಖಾತೆಯಲ್ಲಿ ರಾತ್ರಿ ಹನ್ನೊಂದರ ಯುಪಿಐ ಸಾಲು. ಏನಪ್ಪಾ ಇದು ಎಂದರೆ, "ಸೆಷನ್ ನಾಟ್ ಆಡಿದ್ದು ಸಾರ್" ಎನ್ನುತ್ತಾರೆ. ಇಂಥ ಪ್ರತಿ ಮಾತಿಗೂ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಲ್ಲಿ ಆಡಿಸುವವನ ಪಾಲು ಎಲ್ಲಿ ಕೂತಿದೆ?

1. ಭಾವ ಜೋಡಿಯಾಗಿ ಬಂದರೆ ನಡುವಿನ ಸಂದು ನೋಡಿ

ಫೋನಿನಲ್ಲಿ ಆಡಿಸುವ ಕ್ರಿಕೆಟ್ ಬುಕ್ಕಿ ಸಾಮಾನ್ಯವಾಗಿ ಫೇವರಿಟ್ ತಂಡದ ಭಾವವನ್ನಷ್ಟೇ, ಅಂದರೆ ದರವನ್ನಷ್ಟೇ, ಹೇಳುತ್ತಾನೆ: "ಆರ್‌ಸಿಬಿ ಎಂಬತ್ತು ಎಂಬತ್ತೆರಡು." ಮೊದಲನೆಯದು ‘ಲಗಾಯಿ’. ಆರ್‌ಸಿಬಿ ಗೆಲ್ಲುತ್ತದೆಂದು 100 ರೂಪಾಯಿ ಕಟ್ಟಿದವನಿಗೆ 80 ಲಾಭ. ಎರಡನೆಯದು ‘ಖಾಯಿ’. ಸೋಲುತ್ತದೆನ್ನುವವನು 82 ಪಣಕ್ಕಿಟ್ಟು 100 ಗೆಲ್ಲಬಹುದು.

ಈಗ ಒಬ್ಬ ಲಗಾಯಿ, ಇನ್ನೊಬ್ಬ ಖಾಯಿ ಆಡಿದರು ಅನ್ನಿ. ಆರ್‌ಸಿಬಿ ಸೋತರೆ ಮೊದಲಿನವನ 100 ನೇರ ಎರಡನೆಯವನಿಗೆ. ಬುಕ್ಕಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಗೆದ್ದರೆ 82 ಬಂತು, 80 ಹೋಯಿತು, 2 ಉಳಿಯಿತು. ಯಾವ ತಂಡ ಗೆಲ್ಲುತ್ತದೆಂದು ಅವನಿಗೆ ಗೊತ್ತಿರಬೇಕಾಗಿಲ್ಲ. ಎರಡೂ ಕಡೆ ಸಮನಾಗಿ ದುಡ್ಡು ಬೀಳುವಂತೆ ಭಾವ ಏರಿಸಿ ಇಳಿಸುತ್ತಿದ್ದರೆ ಸಾಕು. ಭಾವ ಇದ್ದಕ್ಕಿದ್ದಂತೆ ಇಳಿದರೆ ಹುಡುಗರು "ಒಳಗಿನ ಸುದ್ದಿ ಬಂದಿದೆ" ಎನ್ನುತ್ತಾರೆ. ಹೆಚ್ಚಿನ ಸಲ ಅದು ಬುಕ್ಕಿ ತನ್ನ ತಕ್ಕಡಿ ಸರಿಮಾಡಿಕೊಂಡದ್ದು, ಅಷ್ಟೇ.

2. 1.90 ಎಂದರೆ ನಿಮ್ಮ ರೂಪಾಯಿಯೂ ಸೇರಿದ್ದು

ಆ್ಯಪುಗಳಲ್ಲಿ ದಶಮಾಂಶದ ಆಡ್ಸ್. 100 ಹಾಕಿ ಗೆದ್ದರೆ 190 ಕೈಗೆ ಬರುತ್ತದೆ. ಅದರಲ್ಲಿ 100 ನಿಮ್ಮದೇ. ಸಮಬಲದ ಎರಡು ತಂಡಕ್ಕೂ 1.90 ಕೊಟ್ಟಿದ್ದರೆ ಎರಡರ ಮೇಲೂ 100 ಹಾಕಿ ನೋಡಿ. 200 ಹೋಯಿತು, 190 ಬಂತು. ಒಂದನ್ನು 1.90ರಿಂದ ಭಾಗಿಸಿದರೆ ಶೇ. 52.6. ಅಂದರೆ ನಾಣ್ಯ ಚಿಮ್ಮಿದಂಥ ಪಂದ್ಯಗಳಲ್ಲಿ ನೂರಕ್ಕೆ 53 ಸಲ ಸರಿ ಹೇಳಿದರಷ್ಟೇ ಅಸಲು ಉಳಿಯುತ್ತದೆ.

3. ಟೋಟ್ ಬೇರೆ, ಬುಕ್‌ಮೇಕರ್ ಬೇರೆ

1921ರಲ್ಲಿ ಹುಟ್ಟಿದ ಬೆಂಗಳೂರು ಟರ್ಫ್ ಕ್ಲಬ್ಬಿನ ಆವರಣದಲ್ಲಿ ಆಡುವುದು ಕಾನೂನುಬದ್ಧ. ಕುದುರೆ ಪಂದ್ಯ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅಲ್ಲಿಯ ಪಾಠ ನನಗೆ ಮೇಷ್ಟ್ರದು. ರಬ್ಬರ್ ಬ್ಯಾಂಡ್ ಸುತ್ತಿದ ಟೋಟ್ ಟಿಕೆಟ್‌ಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಒಂದೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ಬರೆದ ಕುದುರೆ ಹೆಸರು ತೋರಿಸುತ್ತ, "ನೋಡಪ್ಪಾ, ಬುಕ್‌ಮೇಕರ್ ಹತ್ತಿರ ಒಂದಕ್ಕೆ ಐದು ಅಂತ ತಗೊಂಡರೆ ಅದು ಐದೇ. ಟೋಟ್‌ನಲ್ಲಿ ಬೋರ್ಡ್ ಮೇಲಿರೋದು ನಿನ್ನದಲ್ಲ" ಎಂದಿದ್ದರು.

ಟೋಟ್‌ನಲ್ಲಿ ಎಲ್ಲರ ದುಡ್ಡೂ ಒಂದು ಪೂಲಿಗೆ ಬೀಳುತ್ತದೆ. ಕ್ಲಬ್ಬಿನ ಕಮಿಷನ್, ತೆರಿಗೆ ಮುರಿದುಕೊಂಡು ಉಳಿದದ್ದನ್ನು ಗೆದ್ದ ಟಿಕೆಟ್‌ಗಳಿಗೆ ಹಂಚುವುದೇ ಡಿವಿಡೆಂಡ್. ಕುದುರೆಗಳು ಗೇಟಿನಿಂದ ಜಿಗಿಯುವವರೆಗೂ ದುಡ್ಡು ಬೀಳುತ್ತಿರುತ್ತದೆ, ಹಾಗಾಗಿ ದರವೂ ಅಲ್ಲಾಡುತ್ತಿರುತ್ತದೆ. ಇದರಲ್ಲೊಂದು ನಿಯತ್ತಿದೆ: ಟೋಟ್ ನಡೆಸುವವರಿಗೆ ಯಾವ ಕುದುರೆ ಗೆದ್ದರೂ ಒಂದೇ, ಪಾಲು ಮೊದಲೇ ತೆಗೆದಾಗಿರುತ್ತದೆ. ತೆರಿಗೆಯೂ ಸೇರಿದ ಆ ಪಾಲು ಈಗ ಸಣ್ಣದಲ್ಲ. ಕಟ್ಟಿದ ಪೂರ್ತಿ ಮೊತ್ತದ ಮೇಲೆ ಹಿಂದೆ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40. ಮೇಷ್ಟ್ರು ಈಚೆಗೆ ಹೋಗುವುದು ಕಡಿಮೆ. ಕಾರಣ ಮಂಡಿನೋವು ಎನ್ನುತ್ತಾರೆ.

4. ಹೆಸರು ಉದ್ದವಾದಷ್ಟೂ ಗೆಲುವು ದೂರ

ವಿನ್ ಎಂದರೆ ಮೊದಲು ಬರಬೇಕು. ಪ್ಲೇಸ್ ಎಂದರೆ ಮೊದಲ ಕೆಲವು ಸ್ಥಾನಗಳೊಳಗೆ. ಎಷ್ಟು ಸ್ಥಾನ ಎಂಬುದು ಓಡುವ ಕುದುರೆಗಳ ಸಂಖ್ಯೆಯ ಮೇಲೆ. ಎಸ್‌ಎಚ್‌ಪಿ ಎಂದರೆ ಸರಿಯಾಗಿ ಎರಡನೆಯದು. ಕ್ವಿನೆಲಾದಲ್ಲಿ ಮೊದಲೆರಡು ಹಿಂದುಮುಂದಾದರೂ ನಡೆಯುತ್ತದೆ, ಫೋರ್‌ಕಾಸ್ಟ್‌ನಲ್ಲಿ ಕ್ರಮವೂ ಸರಿಯಿರಬೇಕು. ಟನಾಲಾಗೆ ಮೊದಲ ಮೂರೂ ಕ್ರಮವಾಗಿ. ಟ್ರೆಬಲ್ ಮೂರು ರೇಸ್‌ಗಳ ವಿಜೇತರು, ಜಾಕ್‌ಪಾಟ್ ಐದರದ್ದು.

ಆ್ಯಪುಗಳ ‘ಮಲ್ಟಿ’ ಈ ಜಾಕ್‌ಪಾಟಿನ ತಮ್ಮ. 1.90ರ ಐದು ಪಂದ್ಯ ಜೋಡಿಸಿದರೆ ಪ್ರತಿ ಪಂದ್ಯದ ಶೇ. 5 ಒಂದರ ಮೇಲೊಂದು ಕೂತು, ಆಡಿಸುವವನ ಪಾಲು ನೂರಕ್ಕೆ ಸುಮಾರು 23 ಆಗುತ್ತದೆ. ಪರದೆಯ ಮೇಲೆ ಕಾಣುವುದು "100ಕ್ಕೆ 2,476" ಎಂಬ ದೊಡ್ಡ ಅಂಕಿ ಮಾತ್ರ.

5. ಸೆಷನ್‌ನಲ್ಲಿ ಇಬ್ಬರೂ ಸೋಲಬಹುದು

ಮೊದಲ ಆರು ಓವರಿಗೆ "48–50" ಎಂದರೆ, 50 ಅಥವಾ ಹೆಚ್ಚು ಎನ್ನುವವನು ‘ಯೆಸ್’, 48ನ್ನೂ ಮುಟ್ಟುವುದಿಲ್ಲ ಎನ್ನುವವನು ‘ನಾಟ್’. ಸ್ಕೋರು 48ಕ್ಕೋ 49ಕ್ಕೋ ನಿಂತರೆ ಇಬ್ಬರ ದುಡ್ಡೂ ಬುಕ್ಕಿಗೆ.

ಪಂದ್ಯವನ್ನೇ ಸೋಲಿಸಲು ಅರ್ಧ ತಂಡ ಬೇಕಾದೀತು; ಸೆಷನ್ ತಿರುಗಿಸಲು ಒಬ್ಬಿಬ್ಬರು ಸಾಕು. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕುರಿತು ಬೆಂಗಳೂರಿನ ಸಿಸಿಬಿ ಪೊಲೀಸರು ದಾಖಲಿಸಿದ ಪ್ರಕರಣದಲ್ಲೂ ನಿಧಾನವಾಗಿ ಬ್ಯಾಟ್ ಮಾಡಲು ಹಣ ಪಡೆದರೆಂಬ ಆರೋಪವಿತ್ತು. ಮ್ಯಾಚ್ ಫಿಕ್ಸಿಂಗ್ ಅಶಿಸ್ತಿರಬಹುದು, ದಂಡಸಂಹಿತೆಯ ವಂಚನೆಯಾಗದು ಎಂದು 2022ರ ಜನವರಿಯಲ್ಲಿ ಹೈಕೋರ್ಟ್ ಆ ಆರೋಪಗಳನ್ನು ರದ್ದುಮಾಡಿತು. ಕಾನೂನು ಇಷ್ಟು ಸಡಿಲವಿರುವ ಕಡೆ "ಪಕ್ಕಾ ರಿಪೋರ್ಟ್" ಮಾರುವವರಿಗೆ ಬರವಿಲ್ಲ. ಅರ್ಧ ಜನಕ್ಕೆ ಒಂದು ತಂಡ, ಇನ್ನರ್ಧಕ್ಕೆ ಇನ್ನೊಂದು ತಂಡ ಹೇಳಿದರೆ ಅರ್ಧ ಜನಕ್ಕಂತೂ ಇವನು ದೇವರು.

6. ಬೋನಸ್ ಕೊಟ್ಟರೆ ರೋಲ್‌ಓವರ್ ಎಷ್ಟೆಂದು ಕೇಳಿ

1,000 ಬೋನಸ್, ಹತ್ತುಪಟ್ಟು ರೋಲ್‌ಓವರ್ ಎಂದರೆ 10,000 ರೂಪಾಯಿಯಷ್ಟು ಆಡಿದ ಮೇಲೆಯೇ ತೆಗೆಯಬಹುದು. ಶೇ. 5ರ ಲೆಕ್ಕಕ್ಕೆ 500 ಅಲ್ಲೇ ಹೋಯಿತು. ಉಳಿದ 500 ತೆಗೆಯಲೆಂದು ಕೂತವರು ಯಾರೂ ಎದ್ದದ್ದನ್ನು ನಾನು ಕಂಡಿಲ್ಲ.

7. ‘ಐಡಿ’ ಕೊಡುವವನ ಖಾತೆ ಯಾರ ಹೆಸರಿನದು?

ನನ್ನ ಕೆಲಸಕ್ಕೆ ಅತಿ ಹೆಚ್ಚು ತಲೆನೋವು ತಂದ ಪದ ಇದು. ವಾಟ್ಸ್ಆ್ಯಪಿನಲ್ಲಿ ಒಬ್ಬ ಸೈಟಿನ ಐಡಿ, ಪಾಸ್‌ವರ್ಡ್ ಕೊಡುತ್ತಾನೆ. ದುಡ್ಡು ಹಾಕಲು ದಿನಕ್ಕೊಂದು ಯುಪಿಐ ವಿಳಾಸ. ಸ್ಟೇಟ್‌ಮೆಂಟಿನಲ್ಲಿ ನೋಡಿದರೆ ಯಾವುದೋ ಟ್ರೇಡರ್ಸ್, ಯಾವುದೋ ಎಂಟರ್‌ಪ್ರೈಸಸ್, ಕೇಳಿಲ್ಲದ ಊರಿನ ಕೇಳಿಲ್ಲದ ವ್ಯಕ್ತಿ. ಇವು ಬಾಡಿಗೆ ಖಾತೆಗಳು. ಸೋತಾಗ ದುಡ್ಡು ಹೋಯಿತು, ಕಥೆ ಮುಗಿಯಿತು. ಅಪಾಯ ಇರುವುದು ಗೆದ್ದಾಗ. ಅದೇ ಬಾಡಿಗೆ ಖಾತೆಗೆ ಇನ್ನೆಲ್ಲೋ ಸೈಬರ್ ವಂಚನೆಗೆ ಒಳಗಾದವರ ದುಡ್ಡೂ ಬಂದಿರುತ್ತದೆ. ಅವರು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಪೊಲೀಸರು ಹಣದ ಜಾಡು ಹಿಡಿದು ಬರುತ್ತಾರೆ, ಜಾಡಿನಲ್ಲಿರುವ ಖಾತೆಗಳೆಲ್ಲ ಫ್ರೀಜ್. 4,000 ಗೆದ್ದ ಹುಡುಗನ ಸಂಬಳದ ಖಾತೆಗೇ ಬೀಗ. ಪಿಜಿ ಬಾಡಿಗೆ ಕಟ್ಟಲಾಗದೆ, ಬೇರೆ ರಾಜ್ಯದ ಠಾಣೆಗೆ ಪತ್ರ ಬರೆಯಿಸಿಕೊಳ್ಳಲು ನನ್ನ ಮುಂದೆ ಕೂತಿದ್ದ. "ನಾನು ಗೆದ್ದಿದ್ದು ಸಾರ್, ಕದ್ದಿದ್ದಲ್ಲ" ಎಂದ. ಅದನ್ನು ತೋರಿಸಲು ರಸೀದಿ ಯಾವುದು?

8. ‘ಸ್ಕಿಲ್’ ಎಂಬ ಗುರಾಣಿ ಈಗ ಹಳೆಯದು

ಫ್ಯಾಂಟಸಿ ಕ್ರಿಕೆಟ್, ರಮ್ಮಿಯವರು ಬಹುಕಾಲ ಹಿಡಿದಿದ್ದ ಪದ. ಆನ್‌ಲೈನ್ ಪಣದ ಆಟ ನಿಷೇಧಿಸಿ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ತಳ್ಳಿಹಾಕಿದ್ದೂ ಕೌಶಲದ ವಾದ ಒಪ್ಪಿಯೇ. ಆದರೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳುವುದೇ ಇಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಒದಗಿಸಿದರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡುವವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ನನ್ನ ಮೇಜಿಗೆ ಬರುವ ಸ್ಟೇಟ್‌ಮೆಂಟುಗಳಲ್ಲಿ ಕಂಪನಿ ಹೆಸರು ಮಾಯವಾಗಿ ಏಳನೇ ಪಾಠದ ಟ್ರೇಡರ್ಸ್‌ಗಳು ಕಾಣತೊಡಗಿದವು.

9. ‘ರಿಕವರಿ’ ಎಂಬ ಮಾತು ಕೇಳಿದರೆ ಲೆಕ್ಕ ಬದಿಗಿಡಿ

ಹೋದದ್ದನ್ನು ಅಲ್ಲೇ ವಾಪಸು ತೆಗೆಯುತ್ತೇನೆ ಎಂಬುದು ರಿಕವರಿ. ಸ್ಟೇಟ್‌ಮೆಂಟಿನಲ್ಲಿ ಅದರ ಗುರುತು ಲೋನ್ ಆ್ಯಪಿನ ಜಮೆ, ಅರ್ಧ ಗಂಟೆಯೊಳಗೆ ಅಷ್ಟೇ ಮೊತ್ತದ ಖರ್ಚು. ಇಂಥವರಿಗೆ ಆಡ್ಸ್ ವಿವರಿಸಿ ಪ್ರಯೋಜನವಿಲ್ಲ. ಬಿಟಿಎಂ ಲೇಔಟಿನಲ್ಲೇ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ, ಟೆಲಿ ಮಾನಸ್‌ನ ಸಹಾಯವಾಣಿ 14416 ಇದೆ. ಸಂಖ್ಯೆ ಬರೆದು ಕೈಗೆ ಕೊಡುತ್ತೇನೆ.

10. ತೆರಿಗೆಯ ಕಣ್ಣಿಗೆ ಗೆಲುವು ಮಾತ್ರ ಕಾಣುತ್ತದೆ

"ಸೋತಿದ್ದನ್ನ ಕಳೀಬಹುದಲ್ವಾ ಸಾರ್?" ಪ್ರತಿ ಜುಲೈನ ಪ್ರಶ್ನೆ. ಬೆಟ್ಟಿಂಗಿನಲ್ಲಿ ಆಗುವುದಿಲ್ಲ. ಒಂದು ದಿನ 40,000 ಗೆದ್ದು ಉಳಿದ ದಿನಗಳಲ್ಲಿ 60,000 ಕಳೆದುಕೊಂಡವನು ಮನೆಯ ಲೆಕ್ಕದಲ್ಲಿ 20,000 ನಷ್ಟದಲ್ಲಿದ್ದಾನೆ. ತೆರಿಗೆಯ ಲೆಕ್ಕದಲ್ಲಿ 40,000ಕ್ಕೆ ನೇರ ಶೇ. 30, ಮೇಲೆ ಸೆಸ್, ಒಟ್ಟು 12,480. ಬೇರೆ ವರಮಾನ ಕಡಿಮೆಯಿದ್ದರೂ ಮೂಲ ವಿನಾಯಿತಿ ಇದಕ್ಕೆ ಸಿಗದು. ರೇಸ್‌ಕೋರ್ಸಿನಲ್ಲಿ 10,000 ದಾಟಿದ ಗೆಲುವಿಗೆ ಅಲ್ಲೇ ಟಿಡಿಎಸ್ ಮುರಿಯುತ್ತಾರೆ. ಅದು ಫಾರ್ಮ್ 26ಎಎಸ್‌ನಲ್ಲಿ ಕಾಣುತ್ತದೆ, ಮುಚ್ಚಿಡಲು ಬರುವುದಿಲ್ಲ. ನಷ್ಟವನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ಯುವ ಅವಕಾಶ ರೇಸ್ ಕುದುರೆ ಸಾಕುವ ಮಾಲೀಕರಿಗೆ ಮಾತ್ರ, ಅದೂ ಕುದುರೆಯ ವರಮಾನಕ್ಕೆ ಎದುರಾಗಿ. ಇದನ್ನು ಹೇಳಿದಾಗ ಮೇಷ್ಟ್ರು, "ಹಾಗಾದ್ರೆ ಒಂದು ಕುದುರೆ ಕೊಂಡ್ರೆ ಹೇಗಪ್ಪಾ?" ಎಂದು ನಿಜವಾಗಿಯೂ ಕೇಳಿದರು.