ಸೊನ್ನೆ ಯಾವುದು, ಅನುಸ್ವಾರ ಯಾವುದು

ಪುಟ್ಟೀ,

ಕಬಿನಿಯಲ್ಲಿ ನೀರು ಇಳಿದಿದೆ. ನಮ್ಮ ಕೊಳವಳ್ಳಿಯ ದಡದಲ್ಲಿ ನಿಂತರೆ ಆಚೆಯ ಕರ್ನಾಟಕದ ಮರಗಳು ಕೈಗೆಟುಕುವ ಹಾಗೆ ಕಾಣುತ್ತವೆ. ನಿನ್ನೆ ಸಂಜೆ ಅಲ್ಲೇ ಕೂತು ನೀನು ಫೋನಿನಲ್ಲಿ ಆಡಿದ ಮಾತನ್ನೇ ಯೋಚಿಸುತ್ತಿದ್ದೆ. "ದೊಡ್ಡಪ್ಪಾ, 400 ಪುಟದ ಪುಸ್ತಕ, ಎಲ್ಲ ಹಳೇ 'ನುಡಿ' ಫಾಂಟಿನಲ್ಲಿದೆ. ಯೂನಿಕೋಡಿಗೆ ತಂದು ಪುಟ ಕಟ್ಟಬೇಕಂತೆ. ಒಂದು ಸ್ಕ್ರಿಪ್ಟ್ ಬರೆದರೆ ರಾತ್ರಿ ಕಳೆಯೋದರೊಳಗೆ ಮುಗಿಯುತ್ತೆ" ಅಂದೆಯಲ್ಲ.

ಬರಿ ಮಗಳೇ, ಖಂಡಿತ ಬರಿ. ಬೇಡ ಅನ್ನುವವನು ನಾನಲ್ಲ. ಮೈಸೂರಿನ ಡಿಟಿಪಿ ಮೇಜಿನ ಮುಂದೆ ಇಷ್ಟು ವರ್ಷ ಎರಡು ಸ್ಪೇಸನ್ನು ಒಂದು ಮಾಡುತ್ತಾ, ಅಲ್ಪವಿರಾಮದ ಹಿಂದಿನ ಖಾಲಿ ಜಾಗ ಅಳಿಸುತ್ತಾ, ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿದ್ದಕ್ಕೆ ಬದಲಿಸುತ್ತಾ ನನ್ನ ಬಲಭುಜ ಸವೆದುಹೋಯಿತು. ನಿನ್ನ ಭುಜ ಹಾಗಾಗಬಾರದು. ಇನ್‌ಡಿಸೈನ್ ಅನ್ನುವ ಪುಟವಿನ್ಯಾಸ ತಂತ್ರಾಂಶದ ಜೊತೆಗೇ ಬರುವ ಫೈಂಡ್‌ಚೇಂಜ್‌ಬೈಲಿಸ್ಟ್ ಅನ್ನುವ ಸ್ಕ್ರಿಪ್ಟ್ ಈ ಕೆಲಸವನ್ನೆಲ್ಲ ಕ್ಷಣದಲ್ಲಿ ಮಾಡುತ್ತದೆ. ಅದರ ಪಟ್ಟಿ ಬರೀ ಪಠ್ಯದ ಕಡತ, ನಿನಗೆ ಬೇಕಾದ ಸಾಲು ಸೇರಿಸಿಕೊಳ್ಳಬಹುದು. ಪುಟ ಕಟ್ಟುವುದು ಸ್ಕ್ರೈಬಸ್ ತಂತ್ರಾಂಶದಲ್ಲಾದರೆ ನೀನು ಶಾಲೆಯಲ್ಲೇ ಕಲಿತ ಪೈಥಾನ್ ಸಾಕು.

ಆದರೆ ನಾನು ಕೈಯಾರೆ ಕೆಡಿಸಿದ ಒಂದು ಪುಸ್ತಕದ ಕತೆ ನಿನಗೆ ಹೇಳಲೇಬೇಕು. ಊರಿನ ಇತಿಹಾಸದ ಪುಸ್ತಕ ಅದು. ಬೆರಳಚ್ಚು ಮಾಡಿದವರು ಅನುಸ್ವಾರ ಬರುವ ಕಡೆಯೆಲ್ಲ ಕನ್ನಡದ ಸೊನ್ನೆ ಒತ್ತಿದ್ದರು. 'ಬಂತು' ಅನ್ನುವುದು 'ಬ೦ತು' ಆಗಿತ್ತು. ಕಣ್ಣಿಗೆ ಎರಡೂ ಒಂದೇ ದುಂಡು, ಯಂತ್ರಕ್ಕೆ ಒಂದು ಅಂಕಿ, ಇನ್ನೊಂದು ಅಕ್ಷರದ ಭಾಗ. ಸೊನ್ನೆ ಕಂಡಲ್ಲೆಲ್ಲ ಅನುಸ್ವಾರ ಹಾಕು ಅಂತ ಒಂದೇ ಸಾಲು ಬರೆದು ಓಡಿಸಿದೆ. ಸಾವಿರಾರು ತಪ್ಪು ಒಂದೇ ಉಸಿರಿಗೆ ಸರಿಯಾದವು, ಹಿಗ್ಗಿದೆ. ಅದೇ ಉಸಿರಿಗೆ ಪುಸ್ತಕದ ಇಸವಿಗಳಲ್ಲಿದ್ದ ನಿಜವಾದ ಸೊನ್ನೆಗಳೂ ಅನುಸ್ವಾರವಾಗಿದ್ದವು. ೨೦೦೦ ಅನ್ನುವುದು ಎರಡರ ಮುಂದೆ ಮೂರು ಅನುಸ್ವಾರ. ಪ್ರೂಫಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ, ದುಂಡು ದುಂಡೇ ತಾನೆ! ಮುಂದೆ ಅದೇ ಕಡತವನ್ನು ಬೇರೆ ಫಾಂಟಿಗೆ ಹಾಕಿದಾಗ ಇಸವಿಗಳ ಒಳಗೆಲ್ಲ ಚುಕ್ಕೆವೃತ್ತಗಳು ಎದ್ದು ನಿಂತವು. ಬರೆದ ಹಿರಿಯರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಆ ಇಸವಿಗಳನ್ನು ಒಂದೊಂದಾಗಿ ಹಸ್ತಪ್ರತಿಗೆ ಹೋಲಿಸಿ ತಿದ್ದಿದ್ದು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ.

ನಾನು ಬರೆಯಬೇಕಿದ್ದ ನಿಯಮ ಬೇರೆ: ಹಿಂದೆ ಕನ್ನಡದ ಅಕ್ಷರವೋ ಸ್ವರಚಿಹ್ನೆಯೋ ಇರಬೇಕು, ಅಕ್ಕಪಕ್ಕ ಅಂಕಿ ಇರಬಾರದು, ಆಗ ಮಾತ್ರ ಬದಲಿಸು. ಈ ನಿಯಮ ನನಗೆ ಗೊತ್ತಿರಲಿಲ್ಲ ಅಂತಲ್ಲ. ಕೈಯಲ್ಲಿ ತಿದ್ದುವಾಗ ಕಣ್ಣು ತಾನಾಗಿ ಪಾಲಿಸುತ್ತಿತ್ತು, ಅದು ನಿಯಮ ಅನ್ನುವುದೇ ಹೊಳೆದಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲ 20 ಪುಟ ಕೈಯಲ್ಲೇ ಮಾಡು. ಯಾಕೆ ಇಲ್ಲಿ ತಿದ್ದಿದೆ, ಯಾಕೆ ಅಲ್ಲಿ ಬಿಟ್ಟೆ ಅಂತ ಪಕ್ಕದಲ್ಲಿ ಕನ್ನಡದಲ್ಲಿ ಬರೆದಿಡು. ಆ ಟಿಪ್ಪಣಿಯೇ ನಿನ್ನ ಸ್ಕ್ರಿಪ್ಟ್. ಪೈಥಾನಿಗೆ ಇಳಿಸುವುದು ಆಮೇಲಿನ ಮಾತು.

ನಮ್ಮೂರ ಹೆಸರನ್ನೇ ತಗೋ. 'ಕೊಳವಳ್ಳಿ'ಯ 'ಕೊ' ಕಡತದಲ್ಲಿ ಎರಡು ಥರ ಕೂತಿರಬಹುದು. ಕ ಮತ್ತು ಒತ್ವ ಸೇರಿ ಎರಡು ಸಂಕೇತ, ಇಲ್ಲವೇ ಕ, ಎತ್ವ, ಊತ್ವ ಸೇರಿ ಮೂರು. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಪದಸೂಚಿ ಮಾಡುವ ಸ್ಕ್ರಿಪ್ಟ್ ಮಾತ್ರ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟುಬಿಡುತ್ತದೆ, ಊರು ಅರ್ಧ ಪುಸ್ತಕದಿಂದ ಮಾಯ. ಬೇರೇನೂ ಮಾಡುವ ಮೊದಲು ಪಠ್ಯವನ್ನೆಲ್ಲ ಈ ಎರಡು ಥರವನ್ನೂ ಒಂದೇ ಮಾಡುವ ಎನ್‌ಎಫ್‌ಸಿ ರೂಪಕ್ಕೆ ತಂದುಕೋ. ಪೈಥಾನಿನಲ್ಲಿ ಅದು ಒಂದೇ ಸಾಲಿನ ಕೆಲಸ.

ಕಾಣದ ಅಕ್ಷರಗಳನ್ನೆಲ್ಲ ಕಸ ಅಂತ ಗುಡಿಸುವ ಸ್ಕ್ರಿಪ್ಟನ್ನು ಮಾತ್ರ ನಂಬಬೇಡ. ಇಂಗ್ಲಿಷಿನವರಿಗೆ ಅದು ಕಸವೇ ಇರಬಹುದು. ನಮಗೆ 'ಡಿಸೆಂಬರ್‌ನಲ್ಲಿ' ಅನ್ನುವಾಗ ರ್ ಮತ್ತು ನ ನಡುವೆ ಕಾಣದೆ ಕೂತ ಒಂದು ಸಂಕೇತವೇ ಅವೆರಡನ್ನು ಬಿಡಿಸಿ ಇಟ್ಟಿರುವುದು. ಗುಡಿಸಿದರೆ 'ಡಿಸೆಂಬರ್ನಲ್ಲಿ' ಆಗಿ ನಕಾರದ ಬಲಕ್ಕೆ ಅರ್ಕಾವತ್ತು ಬಂದು ಬೀಳುತ್ತದೆ.

ಅರ್ಕಾವತ್ತು ಅಂದಾಗ ನೆನಪಾಯಿತು. ನೀನು ದಿನವೂ ಒತ್ತುವ ಕೀಲಿಮಣೆಯ ವಿನ್ಯಾಸದ ಹಿಂದೆ ಕಿನ್ನಿಕಂಬಳ ಪದ್ಮನಾಭ ರಾಯರಿದ್ದಾರೆ, ಎಲ್ಲರ ಬಾಯಲ್ಲಿ ಕೆ.ಪಿ. ರಾವ್. ಅಕ್ಷರ ಹೇಗೆ ಕಾಣುತ್ತದೆ ಅನ್ನುವುದನ್ನು ಬಿಟ್ಟು ಹೇಗೆ ಕೇಳುತ್ತದೆ ಅನ್ನುವುದನ್ನು ಅವರು ಹಿಡಿದರು. 'ಸೂರ್ಯ'ದ 'ರ್ಯ' ಬರೆಯಲು ಬಾಯಿ ಹೇಳುವ ಕ್ರಮದಲ್ಲೇ ಮೊದಲು ರ, ಹಲಂತಕ್ಕೆ ಎಫ್ ಕೀಲಿ, ಆಮೇಲೆ ಯ. ಯೂನಿಕೋಡ್ ಕೂಡ ಇದೇ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ. ಹಳೆಯ ನುಡಿ ಫಾಂಟಿನ ಕಡತ ಹಾಗಲ್ಲ. ಒತ್ತುವುದು ಧ್ವನಿಯ ಕ್ರಮದಲ್ಲಾದರೂ ಒಳಗೆ ಕೂರುವುದು ಆಕಾರದ ಕ್ರಮದಲ್ಲಿ, ಅಂದರೆ ಯಕಾರದ ತುಂಡುಗಳು ಮೊದಲು, ಅವುಗಳ ಬಲಕ್ಕೆ ಅರ್ಕಾವತ್ತು. ಹಾಗಾಗಿ ನಿನ್ನ ಪರಿವರ್ತಕ ಚಿತ್ರಕ್ಕೆ ಚಿತ್ರ ಬದಲಿಸಿದರೆ ಸಾಲದು, ಒಂದು ಅಕ್ಷರ ಹಿಂದಕ್ಕೆ ನಡೆದು ರ್ ಅನ್ನು ಸರಿಯಾದ ಜಾಗದಲ್ಲಿ ಕೂರಿಸಬೇಕು. ಇದನ್ನು ಆಗಲೇ ಮಾಡಿ ಎಲ್ಲರಿಗೂ ಮುಕ್ತವಾಗಿ ಕೊಟ್ಟವರಿದ್ದಾರೆ. 'ವಚನ ಸಂಚಯ' ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳನ್ನು ಇವತ್ತು ಪದ ಪದವಾಗಿ ಹುಡುಕಬಹುದಾದರೆ ಅದು ಇಂಥ ಪರಿವರ್ತನೆಯ ಫಲ. ಹೊಸದಾಗಿ ಬರೆಯುವ ಮೊದಲು ಅವರದನ್ನು ಓದು, ತಪ್ಪು ಕಂಡರೆ ತಿದ್ದಿ ಅವರಿಗೇ ಮರಳಿಸು.

ಪುಟ ಕಟ್ಟುವಾಗ ಸಾಲಿನ ಅಂತರವನ್ನು ಯಂತ್ರದ ಪಾಲಿಗೆ ಬಿಡಬೇಡ. ಇನ್‌ಡಿಸೈನ್ ತಾನಾಗಿ ಕೊಡುವುದು ಅಕ್ಷರದ ಅಳತೆಯ 120 ಪ್ರತಿಶತ. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ 'ರಾಷ್ಟ್ರ', 'ಸ್ತ್ರೀ' ಎರಡೆರಡು ಒತ್ತು ಇಳಿಬಿಟ್ಟಾಗ ಕೆಳಗಿನ ಸಾಲಿನ ದೀರ್ಘಕ್ಕೋ ತಲೆಕಟ್ಟಿಗೋ ತಾಗಿ ಉಸಿರುಗಟ್ಟುತ್ತದೆ. ಯಂತ್ರಕ್ಕೆ ಸರಿಹೊಂದಲಿ ಅಂತ ಅಕ್ಷರವನ್ನು ಕತ್ತರಿಸಿದರೆ ಏನಾಗುತ್ತದೆ ಅನ್ನುವುದನ್ನು ನಿನ್ನ ಶಾಲೆಯ ಮಲಯಾಳಂ ಪುಸ್ತಕದಲ್ಲೇ ಕಂಡವಳು ನೀನು. ಅಚ್ಚಿಗೂ ಟೈಪ್‌ರೈಟರಿಗೂ ಸುಲಭವಾಗಲಿ ಅಂತ 1971ರಲ್ಲಿ ಕೇರಳದಲ್ಲಿ ಸಂಯುಕ್ತಾಕ್ಷರಗಳನ್ನು ಒಡೆದರು. ಕಂಪ್ಯೂಟರಿನಲ್ಲಿ ಹಳೆಯ ಲಿಪಿ ಪೂರ್ತಿ ಮೂಡುತ್ತದೆ ಅಂತ ತೋರಿಸಲು 1999ರಲ್ಲಿ 'ರಚನಾ' ಅನ್ನುವ ಗುಂಪಿನವರು ಹೊರಡಬೇಕಾಯಿತು. ಅದೇ ಕೇರಳದ ತಿರುವನಂತಪುರದಲ್ಲಿ ಟೆಕ್ (TeX) ಅನ್ನುವ ತಂತ್ರಾಂಶ ಬಳಸಿ ಪುಟ ಕಟ್ಟುವವರ ದೊಡ್ಡ ಪರಂಪರೆಯೇ ಇದೆ. ಒಂದು ಸಲ ಹೋಗಿ ಅವರ ಕೆಲಸ ನೋಡಿ ಬಾ. ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮದೇ ಪುಸ್ತಕದ ಪ್ರೂಫು ಅಂದಗೆಟ್ಟಿದ್ದನ್ನು ನೋಡಿ ನೊಂದು ಟೆಕ್ ಕಟ್ಟಲು ಕೂತವರು.

ಇನ್ನೊಂದು ಮಾತು. ತಲೆಬರಹವನ್ನು ದಪ್ಪ ಮಾಡಿ, ಸ್ಪೇಸ್ ಒತ್ತಿ ಒತ್ತಿ ನಡುವಿಗೆ ತಂದಿದ್ದರೆ ಸ್ಕ್ರಿಪ್ಟಿಗೆ ಅದು ತಲೆಬರಹ ಅಂತ ತಿಳಿಯುವುದು ಹೇಗೆ? ಪ್ರತಿ ಪ್ಯಾರಾಕ್ಕೂ ಸ್ಟೈಲ್ ಕೊಡು, ಹೆಸರು ಕನ್ನಡದಲ್ಲೇ ಇರಲಿ: ಅಧ್ಯಾಯ, ಪದ್ಯ, ಅಡಿಟಿಪ್ಪಣಿ. ಆಮೇಲೆ ಪರಿವಿಡಿಯೂ ಪುಟದ ತಲೆಸಾಲೂ ತಾವಾಗಿ ಬರುತ್ತವೆ. ಮೂಲ ಕಡತವನ್ನು ಮುಟ್ಟದೆ ನಕಲಿನ ಮೇಲೆ ಓಡಿಸು. ಏನನ್ನು ಎಲ್ಲಿ ಬದಲಿಸಿದೆ ಅನ್ನುವ ಪಟ್ಟಿಯನ್ನು ಸ್ಕ್ರಿಪ್ಟೇ ಬರೆದಿಡಲಿ.

ಕೆಳಗಿನ ತೋಟದಲ್ಲಿ ಕಾಳುಮೆಣಸು ಕೊಯ್ಲು ನಡೆಯುತ್ತಿದೆ. ಗೊಂಚಲಿನಿಂದ ಕಾಳು ಬಿಡಿಸುವುದು ಈಗ ಯಂತ್ರ. ಒಂದೆರಡು ಕಾಳು ಕೆಂಪಾದ ಗೊಂಚಲು ಯಾವುದು ಅಂತ ನೋಡಿ ಕೊಯ್ಯಲು ಇವತ್ತಿಗೂ ಆಳು ಏಣಿ ಹತ್ತಬೇಕು.

ಮುಂದಿನ ಸಲ ಊರಿಗೆ ಬರುವಾಗ ಮೊದಲ ಫಾರಂ, ಆ 16 ಪುಟವನ್ನು, ಕಾಗದದ ಮೇಲೆ ತೆಗೆಸಿಕೊಂಡು ಬಾ. ನೀನು ಹಸ್ತಪ್ರತಿ ಓದು, ನಾನು ಪ್ರೂಫ್ ಹಿಡಿಯುತ್ತೇನೆ. ಇಸವಿಗಳಿಂದ ಶುರು ಮಾಡೋಣ.

ನಿನ್ನ ದೊಡ್ಡಪ್ಪ