ಅಪ್ಪನ ಬಚ್ಚಲಿಗೆ ದುಡ್ಡು ಎಲ್ಲಿಂದ?

ಬೆಂಗಳೂರಿನ ಕೆಂಪಾಪುರದಲ್ಲಿ ಮನೆ ಕಟ್ಟಿಸಿದ ನಮ್ಮ ಕಾಲದವರಲ್ಲಿ ಬಹಳ ಜನರ ಲೆಕ್ಕ ಒಂದೇ. ಥರ್ಟಿ ಫಾರ್ಟಿ ಸೈಟು, ಕೆಳಗೆ ಬಾಡಿಗೆಯವರು, ಮೇಲೆ ನಾವು. ಕಡಿದಾದ ಮೆಟ್ಟಿಲು, ಬಚ್ಚಲಿಗೆ ನುಣುಪು ಟೈಲ್ಸು. ನಲವತ್ತರ ಪ್ರಾಯದಲ್ಲಿ ಅದು ಯಾರಿಗೂ ತೊಂದರೆ ಅನ್ನಿಸಲಿಲ್ಲ. ಈಗ ಎಪ್ಪತ್ತು ದಾಟಿದ್ದೇವೆ. ಮಕ್ಕಳಾದ ನೀವು ಮಾನ್ಯತಾ ಟೆಕ್ ಪಾರ್ಕಿನಲ್ಲೋ ಡಲ್ಲಾಸಿನಲ್ಲೋ ಕೂತು, "ಮನೆ ಸರಿಮಾಡಿಸೋಕೆ ಸರ್ಕಾರದಿಂದ ಏನಾದ್ರೂ ಸಿಗುತ್ತಾ?" ಅಂತ ಕೇಳುತ್ತೀರಿ.

ಬಚ್ಚಲಿಗೆ ಹಿಡಿಕೆ ಹಾಕಿಸಲು ಸಹಾಯಧನ ಬರಲಿ ಅಂತ ಕಾಯಬೇಡಿ. ಸೊಂಟ ಮುರಿದರೆ ಆಪರೇಷನ್ ಖರ್ಚು ಕೊಡುವ ವಿಮೆ, ಬೀಳದಂತೆ ತಡೆಯುವ ಸ್ಟೀಲ್ ಹಿಡಿಕೆಗೆ ಕೊಡುವುದಿಲ್ಲ. ವಿಚಿತ್ರ ನ್ಯಾಯ! ಸರ್ಕಾರ ಕೊಡುವುದು ಸಲಕರಣೆ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಉಚಿತ. ವಿಚಾರಿಸಲು 14567ಕ್ಕೆ ಫೋನ್ ಮಾಡಿ, ಹಿರಿಯ ನಾಗರಿಕರ ಸಹಾಯವಾಣಿ ಅದು. ಪಾರ್ಶ್ವವಾಯು ಬಡಿದು ಅಂಗವೈಕಲ್ಯ ಶೇ 40 ಮುಟ್ಟಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ತೆರಿಗೆ ಬೀಳುವ ಆದಾಯದಲ್ಲಿ 75,000 ರೂಪಾಯಿ ಕಡಿತ ಸಿಗುತ್ತದೆ, ಅದರಿಂದ ಉಳಿಯುವ ತೆರಿಗೆ ಬಚ್ಚಲ ಕೆಲಸಕ್ಕೆ ಒಂದಿಷ್ಟು ಆಸರೆ.

ದೊಡ್ಡ ಮೊತ್ತ ಬೇಕಾದರೆ ರಿವರ್ಸ್ ಮಾರ್ಟ್‌ಗೇಜ್ ಇದೆ. 2007ರ ಕೇಂದ್ರ ಬಜೆಟ್‌ನಲ್ಲಿ ಬಂದದ್ದು. 60 ದಾಟಿದವರು ತಾವಿರುವ ಸ್ವಂತ ಮನೆಯನ್ನು ಅಡವಿಟ್ಟು ಹಣ ಪಡೆಯಬಹುದು, ಬದುಕಿರುವಷ್ಟು ಕಾಲ ಅಲ್ಲೇ ಇರಬಹುದು, ಕಂತು ಕಟ್ಟಬೇಕಿಲ್ಲ. ಮನೆ ರಿಪೇರಿ, ನವೀಕರಣಕ್ಕೂ ಆ ಹಣ ಬಳಸಬಹುದು. ದಂಪತಿಗಳಿಬ್ಬರೂ ಕಾಲವಾದ ಮೇಲೆ ಮಕ್ಕಳು ಸಾಲ ತೀರಿಸಿ ಮನೆ ಬಿಡಿಸಿಕೊಳ್ಳಬಹುದು. ಇಲ್ಲವಾದರೆ ಬ್ಯಾಂಕು ಮಾರಿ, ಮಿಕ್ಕದ್ದನ್ನು ವಾರಸುದಾರರಿಗೆ ಕೊಡುತ್ತದೆ. ಆದರೆ ನಮ್ಮ ಕಡೆ ರೆವಿನ್ಯೂ ಸೈಟುಗಳೇ ಹೆಚ್ಚು. ಅಂಥ ಸೈಟಿನ ಬಿ ಖಾತಾ ಅಂದರೆ ಬ್ಯಾಂಕುಗಳು ಸುಲಭಕ್ಕೆ ಒಪ್ಪುವುದಿಲ್ಲ. ಹಾಗಾಗಿ ಮೊದಲು ಕಾಗದಪತ್ರ ಸರಿಮಾಡಿಸಿ. ಆಮೇಲೆ ಅಪ್ಪ ಬ್ಯಾಂಕಿಗೆ ಹೊರಟರೆ, "ಆಸ್ತಿ ಹೋಗುತ್ತೆ" ಅಂತ ಅಡ್ಡ ನಿಲ್ಲಬೇಡಿ. ಅದು ಅವರ ಸಂಪಾದನೆ.

ನನ್ನನ್ನು ಕೇಳಿದರೆ, ಈ ಏರಿಯಾದಲ್ಲಿ ಎಲ್ಲಕ್ಕಿಂತ ಒಳ್ಳೆಯ ಹಣಕಾಸಿನ ಯೋಜನೆ ಮನೆ ಅದಲುಬದಲು ಮಾಡುವುದು. ಅಪ್ಪ ಅಮ್ಮ ಕೆಳಗಿಳಿಯಲಿ, ಮೇಲಿನ ಮನೆ ಬಾಡಿಗೆಗೆ ಹೋಗಲಿ. ಟೆಕ್ ಪಾರ್ಕ್ ಪಕ್ಕದಲ್ಲಿರುವಾಗ ಬಾಡಿಗೆಯವರಿಗೆ ಬರವಿಲ್ಲ. ಆ ಬಾಡಿಗೆಯಲ್ಲೇ ಕೆಲಸ ಮಾಡಿಸಿ. ಭೋಗ್ಯಕ್ಕೆ ಹಾಕಿ ಇಡಿಗಂಟು ತಂದು ಗಾರೆಗೆ ಸುರಿಯಬೇಡಿ. ಎರಡು ಮೂರು ವರ್ಷಕ್ಕೆ ಅಷ್ಟೂ ವಾಪಸ್ ಕೊಡಬೇಕು.

ಬಹಳ ಕೆಲಸಕ್ಕೆ ಸಾಲವೇ ಬೇಡ. ಅಪ್ಪ ಏಳುವಾಗ ಟವೆಲ್ ರಾಡ್ ಹಿಡಿದುಕೊಳ್ಳುತ್ತಾರಾ, ನೋಡಿ. ಎರಡು ಸ್ಕ್ರೂ ಮೇಲೆ ನಿಂತ ರಾಡದು, ಒಂದಿನ ಅವರ ಜೊತೆಗೇ ಕೆಳಗೆ ಬರುತ್ತದೆ. ನಾಲ್ಕಿಂಚಿನ ಗೋಡೆಯಾದರೆ ಮೇಸ್ತ್ರಿಗೆ ಹೇಳಿ ಗಟ್ಟಿ ಆಂಕರ್ ಬೋಲ್ಟ್ ಹಾಕಿಸಿ ಹಿಡಿಕೆ ಕೂರಿಸಿ. ಬಾಗಿಲ ಮುಂದೆ ಗಾಲಿಕುರ್ಚಿಗೆ ಇಳಿಜಾರು ಬೇಕಾದರೆ ಒಂದಕ್ಕೆ ಹನ್ನೆರಡರ ಲೆಕ್ಕ: ಆರಿಂಚು ಎತ್ತರಕ್ಕೆ ಆರಡಿ ಉದ್ದ. ಸಂಪು, ಕಾರು ಬಿಟ್ಟು ಅಷ್ಟು ಜಾಗ ಎಲ್ಲಿದೆ? ರಸ್ತೆಗೆ ಚಾಚಿಸಿದರೆ ಪಕ್ಕದ ಮನೆಯವರ ಜಗಳ ಬೇರೆ. ವಾಕರ್ ತರುವ ಮುಂಚೆ ಬಚ್ಚಲ ಬಾಗಿಲು ಅಳೆಯಿರಿ. ಎಷ್ಟೋ ಮನೆಗಳಲ್ಲಿ ವಾಕರ್ ಒಳಗೆ ಹೋಗುವುದೇ ಇಲ್ಲ.

ಇನ್ನೊಂದು ಮಾತು. "ಖರ್ಚು ನಾನು ಹಾಕ್ತೀನಿ, ಮನೆ ನನ್ನ ಹೆಸರಿಗೆ ಮಾಡಿ" ಅನ್ನಬೇಡಿ. ನೋಡಿಕೊಳ್ಳುವ ಷರತ್ತಿನ ಮೇಲೆ ದಾನಪತ್ರ ಬರೆಸಿಕೊಂಡು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅದನ್ನು ರದ್ದು ಮಾಡಿಸಬಹುದು. ಅಣ್ಣ ತಮ್ಮ, ಅಕ್ಕ ತಂಗಿ ಕೂತು ಖರ್ಚು ಹಂಚಿಕೊಳ್ಳಿ. ಅಪ್ಪ ಅಮ್ಮ ಓಡಾಡಿಕೊಂಡಿರುವಾಗಲೇ ಮೇಸ್ತ್ರಿಯನ್ನು ಕರೆಸಿ.