ಗೇನ್ ಎಂದರೆ ವಾಲ್ಯೂಮ್ ಅಲ್ಲ

ಪ್ರಶ್ನೆ: ಕಾರಿಗೆ ಆಂಪ್ಲಿಫೈಯರ್, ಸಬ್‌ವೂಫರ್ ಹಾಕಿಸಿದ್ದೇನೆ. ಸೌಂಡ್ ಜಾಸ್ತಿ ಮಾಡಿದರೆ ಬೇಸ್ ಒಡೆಯುತ್ತದೆ. ಏನು ಮಾಡಲಿ?
– ಓದುಗರು, ಹುಳಿಯಾರು

ಉತ್ತರ: ಆಂಪ್ಲಿಫೈಯರಿನಲ್ಲಿ ಗೇನ್ ಎಂಬ ತಿರುಪು ಇರುವುದು ಸೌಂಡ್ ಏರಿಸಲಿಕ್ಕಲ್ಲ, ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆಂಪ್ಲಿಫೈಯರನ್ನು ಹೊಂದಿಸಲಿಕ್ಕೆ. ಮೊದಲು ಬೇಸ್ ಬೂಸ್ಟ್, ಈಕ್ವಲೈಸರ್ ಸೊನ್ನೆಗೆ ತಂದು ಗೇನ್ ಪೂರ್ತಿ ಇಳಿಸಿ. ಲೋ ಪಾಸ್ ಫಿಲ್ಟರ್ 80 ಹರ್ಟ್ಸ್ ಆಸುಪಾಸಿನಲ್ಲಿರಲಿ. ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗಿಟ್ಟು, ಚೆನ್ನಾಗಿ ಕೇಳಿ ಗೊತ್ತಿರುವ ಹಾಡು ಹಾಕಿ, ಗೇನ್ ನಿಧಾನವಾಗಿ ಏರಿಸಿ. ತೆಂಗಿನಕಾಯಿ ಬಡಿದು ನೋಡಿಯೇ ಬಿರುಕು ಪತ್ತೆಹಚ್ಚುವ ಸೀಮೆಯವರು ನೀವು. ದನಿ ಒಡಕಾದದ್ದು ಕಿವಿಗೆ ತಿಳಿಯುತ್ತದೆ. ಅಲ್ಲಿಂದ ಕೊಂಚ ಹಿಂದಕ್ಕೆ ತಿರುಗಿಸಿ ಬಿಟ್ಟುಬಿಡಿ.

ಬೇಸ್ ಬೂಸ್ಟ್ 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ 4 ಪಟ್ಟು ಪವರ್ ಬೇಕು. ಅಷ್ಟು ಕೊಡಲಾಗದ ಆಂಪ್ಲಿಫೈಯರ್ ಸಿಗ್ನಲ್ಲಿನ ತುದಿ ಕತ್ತರಿಸುತ್ತದೆ. ಆಗ ಸಬ್‌ವೂಫರಿನೊಳಗಿನ ವಾಯ್ಸ್ ಕಾಯಿಲ್ ಕಾದು ಸುಟ್ಟುಹೋಗಬಹುದು. ಸುಟ್ಟ ವಾಸನೆ ಬಂದರೆ ತಕ್ಷಣ ಆಫ್ ಮಾಡಿ.